ಸೈಲೋ ಮೇಲಿನ ಹಗ್ಗ

ಜೂನ್ 18, ಬುಧವಾರ

ಬೆಳಿಗ್ಗೆ ಫ್ಯಾಕ್ಟರಿಗೆ ಬಂದ ಲಾರಿಗಳ ಕಲ್ಲೆಲ್ಲ ಒದ್ದೆ. ಮುಟ್ಟಿದರೆ ಕೈಗೆ ಕಪ್ಪು ಕೆಸರು. ಲ್ಯಾಬಿನಲ್ಲಿ ಒಣಗಿಸಿ ತೂಗಿದೆ. ನೀರಿನಂಶ ಲಿಮಿಟ್ ದಾಟಿದೆ. ವಾಪಸ್ ಕಳಿಸಿ ಅಂತ ಮ್ಯಾನೇಜರ್ ಷಡಕ್ಷರಪ್ಪನವರಿಗೆ ಹೇಳಿದೆ. "ಮಳೆಗಾಲದಲ್ಲಿ ಕಲ್ಲು ಒದ್ದೆ ಇರದೆ ಇನ್ನೇನಮ್ಮ ಸಿಂಧು?" ಅಂದರು. ಕಲ್ಲು ಒಣಗಿಸುವ ಡ್ರೈಯರ್‌ನ ಬರ್ನರ್ ಕೆಟ್ಟು ಕೂತಿದೆ. ಅದರ ಮಾತೇ ಇಲ್ಲ.

ಯಾವುದೋ ಕಾಲದಲ್ಲಿ ಭೂಮಿಯೊಳಗಿಂದ ಕುದಿದು ಉಕ್ಕಿ ಆರಿದ ಕಲ್ಲಂತೆ. ಅದನ್ನು ಪುಡಿ ಮಾಡಿ ಬೆರೆಸುವುದಕ್ಕೇ ನಮ್ಮ ಸಿಮೆಂಟಿಗೆ ಅರಸೀಕೆರೆ ಕಡೆಯೆಲ್ಲ ಹೆಸರು. ಆದರೆ ಒದ್ದೆಯಾಗಿ ಬಂದರೆ ಪುಡಿ, ಅದನ್ನು ತುಂಬಿಡುವ ಎತ್ತರದ ಸೈಲೋದೊಳಗೆ ಕಟ್ಟಿಕೊಳ್ಳುತ್ತದೆ. ಮೇಲೆ ಗಟ್ಟಿ ಪದರ, ಕೆಳಗೆ ಟೊಳ್ಳು. ಒಬ್ಬರು ಹಗ್ಗ ಕಟ್ಟಿಕೊಂಡು ಮೇಲಿನಿಂದ ಇಳಿದು ಹಾರೆಯಲ್ಲಿ ಒಡೆಯಬೇಕು. ಪದರ ಕುಸಿದರೆ ಮನುಷ್ಯನೂ ಅದರ ಜೊತೆಗೇ.

ಆ ಒಬ್ಬರು ನನ್ನ ಗಂಡ.

ಜೂನ್ 20, ಶುಕ್ರವಾರ

ಕಟ್ಟಿಕೊಂಡಿತು. ಇವರು ಇಳಿದರು. ಹಗ್ಗ ಹಿಡಿದವನು ಕಿರಣ, ನನ್ನ ತಮ್ಮ.

ಇಲ್ಲಿ ಹಾಗೇ. ಕಂಪನಿ ರೂಲ್ ಅಲ್ಲ, ಬಾವಿ ತೋಡುತ್ತಿದ್ದವರಿಂದ ಬಂದದ್ದು. ಇಳಿಯುವವನ ಹಗ್ಗ ಅವನ ಹೆಂಡತಿಯ ಅಣ್ಣನೋ ತಮ್ಮನೋ ಹಿಡಿಯಬೇಕು. ಸ್ವಂತ ಅಣ್ಣ ತಮ್ಮನಿಗಾದರೆ ಆಸ್ತಿಯಲ್ಲಿ ಪಾಲಿರುತ್ತದೆ. ಹೆಂಡತಿಯ ತಮ್ಮನಿಗೆ ಅಕ್ಕನ ತಾಳಿ ಮುಖ್ಯ. ಮದುವೆಯಾದಾಗ ಕೇಳಿ ನಕ್ಕಿದ್ದೆ.

ಈಗ ನಗು ಬರುವುದಿಲ್ಲ. ಯುಗಾದಿಯಿಂದ ಕಿರಣ ಇವರ ಜೊತೆ ಮಾತು ಬಿಟ್ಟಿದ್ದಾನೆ. ಅವನಿಗೆ ನೋಡಿದ್ದ ಬೇಲೂರಿನ ಹುಡುಗಿಯ ಕಡೆಯವರು ವಿಚಾರಿಸಿದಾಗ ಇವರು "ಅಪರೂಪಕ್ಕೆ ಸ್ವಲ್ಪ ಕುಡೀತಾನೆ" ಅಂದುಬಿಟ್ಟರು. ಸಂಬಂಧ ಮುರಿಯಿತು. ಸುಳ್ಳು ಹೇಳೋಕೆ ಬರಲ್ಲ ಈ ಪುಣ್ಯಾತ್ಮರಿಗೆ!

ಒಳಗಿನಿಂದ ಕೂಗಿದರೆ ಕೇಳದು, ಹಗ್ಗದಲ್ಲೇ ಮಾತು. ಒಮ್ಮೆ ಜಗ್ಗಿದರೆ ಸಡಿಲ ಬಿಡು. ಎರಡು ಸಲ ಜಗ್ಗಿದರೆ ಮೇಲೆಳೆ. ಕೆಳಗೆ ನಿಂತು ಕಿರಣನ ಮುಖವನ್ನೇ ನೋಡುತ್ತಿದ್ದೆ. ಏನೂ ತಿಳಿಯಲಿಲ್ಲ.

ಮನೆಗೆ ಬಂದು ಹೇಳಿದೆ, ಹಗ್ಗ ಬೇರೆ ಯಾರಿಗಾದರೂ ಕೊಡಿ ಅಂತ. ಇವರು ನಕ್ಕರು. "ಅವನು ಬಿಟ್ಟಿರೋದು ಮಾತು ಕಣೇ. ಹಗ್ಗ ಬಿಡಲ್ಲ."



ಜೂನ್ 22, ಭಾನುವಾರ

ತವರಿಗೆ, ಹಗರೆಗೆ ಹೋದೆ. ಅಮ್ಮ ಕೊಟ್ಟಿಗೆಯಲ್ಲಿದ್ದಳು. ಹೆದರಿಕೆ ಎಲ್ಲ ಹೊರಗೆ ಬಂತು — ಕಿರಣನಿಗೆ ಸಿಟ್ಟು ಹೋಗಿಲ್ಲ, ಕೋಪದಲ್ಲಿ ಒಂದು ಗಳಿಗೆ ಕೈ ಸಡಿಲವಾದರೆ ನನ್ನ ಗತಿಯೇನು...

"ಥೂ! ಬಾಯಿ ಮುಚ್ಚೇ! ಒಡಹುಟ್ಟಿದೋನ ಮೇಲೆ ಇಂಥಾ ಮಾತಾ?"

"ಹೆದರಿಕೆ ಆಯ್ತದಮ್ಮ."

"ಹೆದ್ರಿಕೆ ನಂಗೂ ಐತೆ. ಅದಕ್ಕೆ..." ಅಮ್ಮ ನನ್ನ ಬೆನ್ನ ಹಿಂದೆ ನೋಡಿ ಅಲ್ಲಿಗೇ ನಿಲ್ಲಿಸಿದಳು.

ತಿರುಗಿ ನೋಡಿದೆ. ಬಾಗಿಲಲ್ಲಿ ಹಾಲಿನ ಕ್ಯಾನ್ ಹಿಡಿದು ಕಿರಣ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ಕ್ಯಾನ್ ಕೆಳಗಿಟ್ಟ, ಹೊರಟ. "ಕಿರಣಾ" ಅಂದೆ. ಬೈಕ್ ಸ್ಟಾರ್ಟ್ ಆದ ಸದ್ದು.

ಅಯ್ಯೋ, ಏನು ಮಾಡಿಬಿಟ್ಟೆ.

ಜೂನ್ 24, ಮಂಗಳವಾರ

ಇವತ್ತೇ ಬರೆದಿಡಬೇಕು. ಅಕ್ಷರ ಹೇಗಾದರೂ ಬರಲಿ.

ನಿನ್ನೆ ಕಿರಣ ಕೆಲಸಕ್ಕೆ ಬರಲಿಲ್ಲ, ಫೋನ್ ಸ್ವಿಚ್ ಆಫ್. ಇವತ್ತು ಮತ್ತೆ ಸೈಲೋ ಕಟ್ಟಿತು, ಪ್ಯಾಕಿಂಗ್ ನಿಂತಿತು. ಷಡಕ್ಷರಪ್ಪನವರು ಇವರಿಗೆ "ಹಗ್ಗ ಯಾರು ಹಿಡಿದ್ರೇನ್ರೀ ಇಂದುಧರ, ಹಗ್ಗ ಹಗ್ಗವೇ" ಅಂದರು. ಇವರು ಸೊಂಟಕ್ಕೆ ಹಗ್ಗ ಕಟ್ಟಿಕೊಳ್ಳುತ್ತಿದ್ದರು. ಅಷ್ಟರಲ್ಲಿ ಹಿಂದೆ ದಡದಡ ಹೆಜ್ಜೆ ಸದ್ದು. ಕಿರಣ. ಗಡ್ಡ ಬೋಳಿಸಿಲ್ಲ, ಕಣ್ಣು ಕೆಂಪು. ಯಾರ ಮುಖವನ್ನೂ ನೋಡದೆ ಹಗ್ಗ ತೆಗೆದುಕೊಂಡ.

ನಾನೂ ಅವರ ಹಿಂದೆ ಸೈಲೋ ಮೇಲೆ ಹತ್ತಿದೆ. ಬೇಡವೆಂದರೂ ಕೇಳಲಿಲ್ಲ.

ಹಾರೆಯ ಏಟು ಕೇಳುತ್ತಿತ್ತು. ಆಮೇಲೆ ಏಟಲ್ಲದ ಸದ್ದು. ಸೈಲೋ ಬಾಯಿಂದ ಧೂಳು ಹೊಗೆಯಂತೆ ಬಂತು. ಹಗ್ಗ ಸರ್ರನೆ ಓಡಿತು. ಕಿರಣನನ್ನು ಅಂಚಿನ ಕಂಬಿಯವರೆಗೆ ಎಳೆದೊಯ್ದಿತು. ನಾನು ಕಿರುಚಿದೆನಂತೆ, ನೆನಪಿಲ್ಲ. ಅವನು ಕಂಬಿಗೆ ಕಾಲು ಕೊಟ್ಟು ಹಿಂದಕ್ಕೆ ವಾಲಿದ. ಹಗ್ಗದ ಮೇಲೆ ರಕ್ತ. ಉಳಿದವರು ಬಂದು ಸೊಂಟ ಹಿಡಿದು ಎಳೆದರು. ಅವನ ಬಾಯಲ್ಲಿ ಒಂದೇ ಮಾತು — "ಭಾವಾ! ಜಗ್ಗು ಭಾವಾ!"

ಹಗ್ಗ ಜಗ್ಗಲಿಲ್ಲ. ಆಮೇಲೆ... ಎರಡು ಸಲ. ಸಣ್ಣಗೆ.

ಇವರು ಬಂದರು. ಬೂದಿ ಬಳಿದುಕೊಂಡ ಜಂಗಮನಂತೆ. ಕೆಮ್ಮುತ್ತಿದ್ದರು. ಬದುಕಿದ್ದರು.

ಜೂನ್ 27, ಶುಕ್ರವಾರ

ಅರಸೀಕೆರೆ ಆಸ್ಪತ್ರೆ. ಕಿರಣನ ಎರಡೂ ಅಂಗೈಗೆ ಬ್ಯಾಂಡೇಜ್. ಚರ್ಮವೇ ಇಲ್ಲ. ಇವರು ಮೊಸರನ್ನ ಕಲಸಿ ತಿನ್ನಿಸುತ್ತಿದ್ದಾರೆ. ಅವನು ಬಾಯಿ ತೆರೆಯುತ್ತಾನೆ, ಮಾತಿಲ್ಲ. ಇವರದೂ ಇಲ್ಲ. ಇಬ್ಬರೂ ಒಂದೇ ಜಾತಿಯ ಮೊಂಡರು.

ಇವರು ಟೀ ತರಲು ಹೋದಾಗ ಕಿರಣ ಗೋಡೆ ನೋಡಿಕೊಂಡು ಕೇಳಿದ, "ಬಿಟ್ಬಿಡ್ತೀನಿ ಅನ್ಕೊಂಡಿದ್ಯಲ್ಲಕ್ಕ?"

ಅತ್ತುಬಿಟ್ಟೆ. ಅವನ ಕೈ ಹಿಡಿದುಕೊಳ್ಳೋಣವೆಂದರೆ ಹಿಡಿಯಲು ಕೈಯೇ ಇಲ್ಲ. ಮೊಣಕೈ ಹಿಡಿದುಕೊಂಡೆ.

"ನಾನು ವಾಸಿಯಾಗೋವರ್ಗೂ ಭಾವನ್ನ ಇಳಿಸಬೇಡ. ಬೇರೆಯೋರಿಗೆ ಅದು ಬರೀ ಹಗ್ಗ ಕಣಕ್ಕ."

ಜುಲೈ 3, ಗುರುವಾರ. ಬೆಳಿಗ್ಗೆ

ಬರ್ನರ್ ಇನ್ನೂ ಬಂದಿಲ್ಲ. ಒದ್ದೆ ಕಲ್ಲು ಬೇಡವೆಂದು ಮೂರು ಸಲ ಬರೆದು ಕೊಟ್ಟೆ. ಲಾರಿಗಳು ಒಳಗೆ ಬರುತ್ತಲೇ ಇವೆ. ನಿನ್ನೆ ಸೈಲೋ ಮತ್ತೆ ಕಟ್ಟಿತು.

ಸಂಜೆ ಷಡಕ್ಷರಪ್ಪನವರ ರೂಮಿಗೇ ಹೋದೆ. "ಈ ಸಲ ಹಗ್ಗ ನೀವು ಹಿಡೀರಿ ಸರ್" ಅಂದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಅವರು ಕನ್ನಡಕ ಒರೆಸಿಕೊಂಡರು. "ಇದೊಂದು ಸಲ ಅಷ್ಟೇ ಕಣಮ್ಮ. ಇಂದುಧರ ಒಪ್ಪಿದಾನೆ."

ಒಪ್ಪಿದ್ದಾರೆ! ನನ್ನ ಹತ್ತಿರ ಒಂದು ಮಾತಿಲ್ಲ.

ರಾತ್ರಿಯೆಲ್ಲ ಬೈದೆ. ಕಾಲು ಹಿಡಿದೆ. "ನಾನು ಇಳೀದಿದ್ರೆ ಅನುಭವ ಇಲ್ದೋರನ್ನ ಇಳಿಸ್ತಾರೆ ಕಣೇ" ಅಂದರು. ಅದೂ ನಿಜ. ಅದಕ್ಕೇ ಇನ್ನೂ ಹೆದರಿಕೆ.

ಈಗ ಹಗ್ಗದ ಸುರುಳಿ ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾರೆ. ಹೊಸ ಹಗ್ಗ. ಹಳೆಯದರ ರಕ್ತ ಹೋಗಲಿಲ್ಲ.

"ಯಾರು ಹಿಡೀತಾರೆ?" ಅಂದೆ.

ನನ್ನ ಕೈ ನೋಡಿದರು.

ಲ್ಯಾಬಿನ ಗ್ಲೌಸ್ ತೆಳು, ಆಗುವುದಿಲ್ಲ. ಕಿರಣ ಆವತ್ತು ಅವಸರದಲ್ಲಿ ಹಾಕದೆ ಬಿಟ್ಟಿದ್ದ ಚರ್ಮದ ಗ್ಲೌಸ್ ನನ್ನ ಬ್ಯಾಗಿನಲ್ಲಿತ್ತು. ಹಾಕಿಕೊಂಡು ನೋಡಿದೆ. ದೊಡ್ಡದು, ಬೆರಳ ತುದಿ ಖಾಲಿ, ಹಗ್ಗ ಜಾರುತ್ತದೆ. ಬಿಚ್ಚಿಟ್ಟೆ. ಹಗ್ಗ ನಾನೇ ಹಿಡಿಯುತ್ತೇನೆ, ಬರೀ ಕೈಯಲ್ಲೇ.