ಮೊರದಲ್ಲಿ ಕೊಟ್ಟ ಮಗು

ಕಮರಿಪೇಟೆ, ಹುಬ್ಬಳ್ಳಿ
೧೮ ಜೂನ್ ೨೦೦೬

ಪ್ರೀತಿಯ ಮಗಳು ಆರತಿಗೆ ನಿನ್ನಪ್ಪನ ಆಶೀರ್ವಾದಗಳು.

ನಿನ್ನ ಬೆನ್ನುನೋವು ಹೇಗಿದೆ? ರಾತ್ರಿ ಪಾಳಿ ಬಿಟ್ಟೆಯೋ ಇಲ್ಲವೋ? ನರ್ಸ್ ಆದವಳಿಗೆ ಕಾಳಿನ ವ್ಯಾಪಾರಿ ಮದ್ದು ಹೇಳಬಾರದು, ಆದರೂ ಹೇಳುತ್ತೇನೆ, ಎಳ್ಳೆಣ್ಣೆ ಬಿಸಿ ಮಾಡಿ ಹಚ್ಚಿಕೋ. ಅಮೆರಿಕದಲ್ಲಿ ಅದೂ ಸಿಗುತ್ತದೆಂದು ನೀನೇ ಒಮ್ಮೆ ಬರೆದಿದ್ದೆ. ನಾನು ನೆಟ್ಟಗಿದ್ದೇನೆ, ಮೊಣಕಾಲು ಮಾತ್ರ ಮಾತು ಕೇಳುತ್ತಿಲ್ಲ. ಬೆಳಿಗ್ಗೆ ದುರ್ಗದಬೈಲಿನ ಅಂಗಡಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬಂದರೆ ಮತ್ತೆ ಹೊರಡುವ ಮನಸ್ಸಾಗುವುದಿಲ್ಲ. ನಿನ್ನ ಮಗಳು ಸೃಷ್ಟಿ ಕಾಲೇಜು ಸೇರಿದಳು, ಸೈನ್ಸ್ ತೆಗೆದುಕೊಂಡಿದ್ದಾಳೆ. ಓದುವಾಗ ನಿನ್ನ ಹಾಗೆಯೇ ಜಡೆಯ ತುದಿ ಕಚ್ಚುತ್ತಾಳೆ, ಬೈದರೆ ನಗುತ್ತಾಳೆ. ಮಳೆ ಎರಡು ಸಲ ಬಂದ ಹಾಗೆ ಮಾಡಿ ಹೋಯಿತು.

ಕಾಗದದ ಕೆಲಸ ಏನಾಯಿತು ಎಂದು ಕೇಳಿದ್ದೀ. ಕೇಳಿದ್ದೀ ಅನ್ನುವುದಕ್ಕಿಂತ ಬೈದಿದ್ದೀ. ಒಂದು ಹೆಸರು ತಿದ್ದಿಸಲು ಒಂದು ವರ್ಷ ಬೇಕೇ ಎಂದು ಬರೆದ ಸಾಲನ್ನು ನಾನು ಕನ್ನಡಕ ಒರೆಸಿಕೊಂಡು ಎರಡು ಸಲ ಓದಿದೆ. ತಾಯಿ ಆ ದೇಶದ ಪ್ರಜೆಯಾದರೆ ಇಲ್ಲಿ ಬೆಳೆಯುತ್ತಿರುವ ಮಗಳಿಗೂ ಪೌರತ್ವ ಕೇಳಬಹುದು, ಆದರೆ ಹದಿನೆಂಟು ತುಂಬುವುದರೊಳಗೆ ಎಲ್ಲ ಮುಗಿಯಬೇಕು, ಕೊನೆಗೆ ಹುಡುಗಿ ಅಲ್ಲಿಗೆ ಬಂದು ನಿನ್ನ ಪಕ್ಕದಲ್ಲಿ ಕುಳಿತು ಅಧಿಕಾರಿಯ ಮುಂದೆ ಪ್ರಮಾಣ ಮಾಡಬೇಕು, ಇದೆಲ್ಲ ನನಗೆ ಈಗ ಬಾಯಿಪಾಠ. ಹುಡುಗಿಗೆ ಹದಿನಾರು. ನಿನ್ನ ಆತುರ ನನಗೆ ತಿಳಿಯುತ್ತದೆ. ಆದರೆ ಈ ಒಂದು ವರ್ಷ ನಾನು ಅಂಗಡಿಯ ಗಾದಿಯ ಮೇಲೆ ಕುಳಿತದ್ದಕ್ಕಿಂತ ಕಚೇರಿಗಳ ಬೆಂಚಿನ ಮೇಲೆ ಕುಳಿತದ್ದೇ ಹೆಚ್ಚು. ಆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ಫೋನಿನಲ್ಲಿ ನೀನು ಅಳುತ್ತೀ, ನನಗೆ ಅರ್ಧ ಕೇಳಿಸುವುದಿಲ್ಲ. ನಡುವೆ ಹಾರಿಸದೆ ಓದು.

ಜನನ ಪ್ರಮಾಣಪತ್ರ ಕೊಡುವ ಕಚೇರಿಯವರದು ಏನೂ ತಪ್ಪಿಲ್ಲ. ನಾವು ಬರೆಸಿದ್ದನ್ನೇ ಅವರು ಬರೆದುಕೊಂಡಿದ್ದಾರೆ. ಮಗುವಿನ ಹೆಸರು ತಿಪ್ಪವ್ವ, ತಂದೆ ಯಮನಪ್ಪ, ತಾಯಿ ಹೊಳೆವ್ವ. ಅಲ್ಲಿನ ಗುಮಾಸ್ತ ಶಾಬುದ್ದೀನ ಒಳ್ಳೆಯ ಮನುಷ್ಯ, ನನಗೆ ಕುರ್ಚಿ ಹಾಕಿಸಿ, ಹಳೆಯ ದಾಖಲೆ ತೆಗೆದು ನೋಡಿ, ಪಾಪ, ತಲೆ ಕೆರೆದುಕೊಂಡ. ‘ಅಕ್ಷರ ತಪ್ಪಿದ್ರ ತಿದ್ದಿ ಕೊಡ್ತಿದ್ನಿರಿ ಅಜ್ಜಾರ. ಹಡದ ತಾಯಿ, ತಂದಿ, ಕೂಸು ಮೂರೂ ಮಂದಿನ್ನ ನಾ ಹ್ಯಾಂಗ ತಿದ್ದಲಿ?’ ಎಂದ. ಕೋರ್ಟಿಗೆ ಹೋಗಿ ಎಂದು ಅವನೇ ದಾರಿ ಹೇಳಿದ.

ಇದೆಲ್ಲ ಹೇಗಾಯಿತು ಎಂದು ನೀನು ಏನೂ ತಿಳಿಯದವಳ ಹಾಗೆ ಕೇಳಿದ್ದೀಯಲ್ಲ, ಅದಕ್ಕೇ ನೆನಪು ಮಾಡಿಕೊಡುತ್ತೇನೆ. ಎರಡು ಗಂಡುಕೂಸು ಆಸ್ಪತ್ರೆಯಲ್ಲಿ ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋದವು. ಮೂರನೆಯದು ಹೊಟ್ಟೆಯಲ್ಲಿದ್ದಾಗ ನೀನು, ಸ್ವತಃ ನರ್ಸ್, ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಹಟ ಹಿಡಿದು ಈ ಮನೆಯ ನಡುಕೋಣೆಯಲ್ಲೇ ಹೆತ್ತೆ. ನಿನ್ನವ್ವ ಕಾಳವ್ವ ಹಿರಿಯರ ಪದ್ಧತಿಯಂತೆ ಕೂಸನ್ನು ಮೊರದಲ್ಲಿಟ್ಟು, ತಿಪ್ಪೆಯ ಬದಿಗೆ ತೋರಿಸಿ, ಹೊಳೆವ್ವನ ಉಡಿಗೆ ಹಾಕಿದಳು. ಹೊಳೆವ್ವ ನಮ್ಮ ಅಂಗಡಿಯಲ್ಲಿ ಕಾಳು ಹಸನು ಮಾಡುತ್ತಿದ್ದವಳು, ಅವಳ ಗಂಡ ಯಮನಪ್ಪ ಚೀಲ ಹೊರುತ್ತಿದ್ದವನು, ಅವರಿಗೆ ಮಕ್ಕಳಿಲ್ಲ. ಅವಳು ಒಂದು ಸೇರು ಜೋಳ ಕೊಟ್ಟು ಕೂಸನ್ನು ಕೊಂಡುಕೊಂಡಳು, ತಿಪ್ಪವ್ವ ಎಂದು ಕೂಗಿದಳು. ಸಾವು ನಿನ್ನ ಕೂಸನ್ನು ಹುಡುಕಿಕೊಂಡು ಬಂದರೆ ಇದು ಹೊಳೆವ್ವನದು ಎಂದು ತಿಳಿದು ಹೊರಟುಹೋಗಲಿ ಎಂಬುದು ಲೆಕ್ಕ. ಲಗ್ನದ ದಿನ ಹೆತ್ತವಳು ಸೀರೆ ಉಡಿಸಿ, ಜೋಳ ತಿರುಗಿ ಕೊಟ್ಟು ಮಗಳನ್ನು ಬಿಡಿಸಿಕೊಳ್ಳಬೇಕು. ಅಲ್ಲಿಯವರೆಗೆ ನಡೆದದ್ದು ಎಷ್ಟೋ ಮನೆಗಳಲ್ಲಿ ನಡೆಯುವಂಥದೇ. ಹುಟ್ಟಿದ ದಾಖಲೆ ಬರೆಸಲು ನಾನು ಚಪ್ಪಲಿ ಮೆಟ್ಟಿದಾಗ ನೀನು ಬಾಣಂತಿ, ಗೋಡೆ ಹಿಡಿದುಕೊಂಡು ಹೊಸ್ತಿಲವರೆಗೆ ಬಂದು ನನ್ನನ್ನು ತಡೆದೆ. ‘ಮನ್ಯಾಗ ಒಂದು ಹೇಳಿ ಸರ್ಕಾರದಾಗ ಒಂದು ಬರಸಿದ್ರ ಅವ ಬಿಡ್ತಾನೇನ್ರಿ ಅಪ್ಪಾ? ಅಲ್ಲೂ ಹೊಳೆವ್ವನ ಹೆಸರೇ ಇರಲಿ’ ಎಂದೆ. ನಾನು ಬೇಡವೆಂದೆ, ರಾಜಶೇಖರನೂ ಬೇಡವೆಂದ. ಗಂಡನ ಮಾತನ್ನೂ ನೀನು ಕೇಳಲಿಲ್ಲ. ಕೊನೆಗೆ ಯಮನ ಕಣ್ಣು ತಪ್ಪಿಸಲು ಯಮನಪ್ಪನನ್ನೇ ಕಚೇರಿಗೆ ಕಳಿಸಿದೆವು. ಸಾಲೆಗೆ ಸೇರಿಸುವಾಗ ರಾಜಶೇಖರ ಇಟ್ಟ ಸೃಷ್ಟಿ ಎಂಬ ಹೆಸರನ್ನೇ ನಾನು ಬಾಯಿಮಾತಿನಲ್ಲಿ ಹೇಳಿದೆ, ಆಗ ಯಾರೂ ಕಾಗದ ಕೇಳಲಿಲ್ಲ. ನಿನ್ನನ್ನು ದೂರುತ್ತಿಲ್ಲ ಮಗಳೇ. ಮಗು ಬದುಕಿತು. ಆ ದಿನ ಯಾವ ಸುಳ್ಳು ಬರೆಸೆಂದರೂ ನಾನು ಬರೆಸುತ್ತಿದ್ದೆನೋ ಏನೋ.

ವಕೀಲ ಬಿಂದುಮಾಧವ ಅರ್ಜಿ ಬರೆದ. ಹೆತ್ತದ್ದು ಆರತಿ ಎಂದು ನಾನು ಹೇಳಿದರೆ ಸಾಲದು, ಕಾಗದದ ಮೇಲೆ ತಾಯಿಯಾಗಿರುವ ಹೊಳೆವ್ವ ಬಂದು ತಾನು ಹೆತ್ತಿಲ್ಲವೆಂದು ಪ್ರಮಾಣ ಮಾಡಿ ಹೇಳಬೇಕು ಎಂದ. ಅದರಲ್ಲೇನು ಕಷ್ಟ ಎಂದುಕೊಂಡೆ. ಅವರಿಬ್ಬರೂ ಈಗ ಶಿರಗುಪ್ಪಿಯಲ್ಲಿ ತುಂಡು ಹೊಲ ಮಾಡಿಕೊಂಡಿದ್ದಾರೆ. ಯಮನಪ್ಪನಿಗೆ ಪಾರ್ಶ್ವವಾಯು ಹೊಡೆದು ಮಾತು ನಿಂತಿದೆ, ನಾನು ಹೋದರೆ ಕಣ್ಣಲ್ಲಿ ನೀರು ತರುತ್ತಾನೆ. ಹೊಳೆವ್ವ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ನನ್ನ ಮಾತನ್ನೆಲ್ಲ ಕೇಳಿದಳು, ಕೇಳಿ, ಆಗುವುದಿಲ್ಲ ಎಂದಳು. ಮೆತ್ತಗೆ ಹೇಳಿದಳು, ಆದರೆ ಆ ಮೆತ್ತನೆಯ ಮಾತಿನ ಹಿಂದೆ ಗೋಡೆಯಿತ್ತು. ‘ಲಗ್ನ ಆಗೂತನಾ ಆಕಿ ನನ್ನ ಉಡ್ಯಾಗಿನ ಕೂಸರಿ ಸಾವಕಾರ್ರ. ನಾ ಕೋರ್ಟಿನ್ಯಾಗ ನಿಂತು ಇದು ನಂದಲ್ಲ ಅಂದ್ರ, ಅವ ಕೇಳಿಸ್ಕೊಂಡ್ರ? ಇಷ್ಟು ವರ್ಷ ಹುಡುಕಾಕತ್ತಿರ್ತಾನ, ನಾನಾ ಹೋಗಿ ವಿಳಾಸ ಕೊಟ್ಟಂಗ ಆಗ್ತೈತಿ’ ಎಂದಳು. ನಾನು ನಕ್ಕೆ. ಅವಳು ನಗಲಿಲ್ಲ. ಬಸ್ಸಿನಲ್ಲಿ ಬರುವಾಗ ನನಗೂ ನಗು ಉಳಿದಿರಲಿಲ್ಲ.

ಇದನ್ನು ತಿಳಿಸಿದಾಗ ನೀನು, ಅವಳಿಗೆ ಏನಾದರೂ ಕೊಟ್ಟು ಒಪ್ಪಿಸಿ ಎಂದು ಬರೆದೆ. ನನಗೆ ಸಿಟ್ಟು ಬಂದಿತ್ತು, ಈಗಲೂ ಇದೆ. ನಿನ್ನವ್ವ ತೀರಿಕೊಂಡ ಮೇಲೆ ಈ ಹುಡುಗಿಯ ತಲೆ ಬಾಚಿದವಳು, ದಡಾರ ಬಂದಾಗ ಬೇವಿನೆಲೆ ಬೀಸುತ್ತ ಕುಳಿತವಳು, ದೊಡ್ಡವಳಾದಾಗ ಆರತಿ ಬೆಳಗಿದವಳು ಹೊಳೆವ್ವ. ಅವಳಿಗೆ ಬೇಕಾದದ್ದು ಏನೂ ಇಲ್ಲ, ಇರುವುದು ಹೆದರಿಕೆ. ಹೆದರಿಕೆಯನ್ನು ನೀನು ಕೊಂಡುಕೊಳ್ಳಲಾರೆ. ನಾನು ಇನ್ನೊಂದು ಉಪಾಯ ಮಾಡಿದೆ. ಲಗ್ನದ ತನಕ ಏಕೆ, ಈಗಲೇ ಬಿಡಿಸಿಕೊಳ್ಳೋಣ ಎಂದು ಒಂದು ಸೇರು ಜೋಳ, ಒಂದು ಇಳಕಲ್ ಸೀರೆ ಹಿಡಿದು ಮತ್ತೆ ಶಿರಗುಪ್ಪಿಗೆ ಹೋದೆ. ಹೊಳೆವ್ವ ಸೀರೆಯ ಸೆರಗನ್ನು ಮುಟ್ಟಿ ನೋಡಿ, ಛಲೋ ಐತ್ರಿ ಎಂದು ಮಡಿಚಿ ನನ್ನ ಚೀಲದಲ್ಲೇ ಇಟ್ಟಳು. ‘ಕೊಟ್ಟಾಕಿ ನೀವಲ್ಲರಿ. ಕೊಟ್ಟಾಕಿ ಬಂದು ತಗೊಳ್ಳಲಿ’ ಎಂದಳು. ಕೊಟ್ಟವಳು ಹತ್ತು ಸಾವಿರ ಮೈಲಿ ಆಚೆ ಇದ್ದಾಳೆ ಎಂದರೆ, ವಿಮಾನ ಅದಾವಲ್ಲರಿ ಎಂದಳು.

ಆಮೇಲೆ ಬರೀ ವಾಯಿದೆ. ಒಂದು ಸಲ ನ್ಯಾಯಾಧೀಶರು ರಜೆ, ಒಂದು ಸಲ ಬಿಂದುಮಾಧವನ ಮಗಳ ನಿಶ್ಚಯ, ಒಂದು ಸಲ ಏನೂ ಕಾರಣವಿಲ್ಲದೆ ಮುಂದಕ್ಕೆ. ಖರೇ ಹೇಳುತ್ತೇನೆ, ಬೇಸತ್ತುಹೋದೆ. ಕೋರ್ಟಿನ ಬೇವಿನ ಮರದ ಕೆಳಗೆ ಕುಳಿತಾಗ, ಈ ಹುಡುಗಿಗೆ ಇನ್ನೊಂದು ದೇಶ ಏಕೆ ಬೇಕು, ಇರುವ ದೇಶವೇ ಸಾಕಲ್ಲ ಎಂದು ಎಷ್ಟು ಸಲ ಅನಿಸಿತೋ. ಆದರೆ ನನಗೆ ಎಪ್ಪತ್ತಾರು. ನಾನು ಹೋದ ಮೇಲೆ ಅವಳಿಗೆ ಯಾರು ಎಂದು ನೀನು ಬರೆದದ್ದು ಸರಿಯೇ. ಅದಕ್ಕೇ ಮರುದಿನ ಮತ್ತೆ ಚಪ್ಪಲಿ ಮೆಟ್ಟುತ್ತಿದ್ದೆ.

ಕಳೆದ ತಿಂಗಳು ಸೃಷ್ಟಿ, ನಾನು ಹೋಗಿ ಬರ್ತೇನಿ ಅಜ್ಜಾ ಎಂದು ಒಬ್ಬಳೇ ಶಿರಗುಪ್ಪಿ ಬಸ್ಸು ಹತ್ತಿದಳು. ಸಂಜೆ ಬರುವಾಗ ಹೊಳೆವ್ವ ಜೊತೆಯಲ್ಲಿದ್ದಳು, ಕಂಕುಳಲ್ಲಿ ಬಟ್ಟೆಯ ಗಂಟು. ಯಮನಪ್ಪನನ್ನು ಅವನ ತಂಗಿಯ ಮನೆಯಲ್ಲಿ ಬಿಟ್ಟು ಬಂದಿದ್ದಳು. ವಾಯಿದೆಯ ದಿನ ಅವಳು ಕಟಕಟೆಯಲ್ಲಿ ನಿಂತಳು. ಪ್ರಮಾಣ ಮಾಡಿ, ‘ಹಡದಾಕಿ ಆರತವ್ವರಿ. ನಾ ಹಡದಿಲ್ಲ’ ಎಂದಳು. ಹಾಗಾದರೆ ಈ ಹುಡುಗಿಗೂ ನಿನಗೂ ಯಾವ ಸಂಬಂಧವೂ ಇಲ್ಲವೇ ಎಂದು ಬಿಂದುಮಾಧವ ಕೇಳಿದ. ಕೇಳಬಾರದಿತ್ತು. ಅವಳು, ‘ಕೇಳಿದ್ದು ಹಡದದ್ದರಿ. ಹೇಳೀನಿ’ ಎಂದಳು. ನ್ಯಾಯಾಧೀಶರು ಕನ್ನಡಕದ ಮೇಲಿಂದ ನೋಡಿ, ಸಾಕು ಬರೆದುಕೊಳ್ಳಿ ಎಂದರು. ಹೊರಗೆ ಬಂದವಳು ಚಹಾ ಕುಡಿಯಲಿಲ್ಲ, ಹುಡುಗಿಯ ಮುಂಗೈ ಹಿಡಿದು ನೇರ ಸಿದ್ಧಾರೂಢರ ಮಠಕ್ಕೆ ಹೋಗಿ ಸಂಜೆಯವರೆಗೆ ಕುಳಿತುಬಿಟ್ಟಳು. ಅಂದಿನಿಂದ ಶಿರಗುಪ್ಪಿಗೆ ಹೋಗಿಲ್ಲ. ನಮ್ಮ ಮನೆಯಲ್ಲೇ ಇದ್ದಾಳೆ. ಹುಡುಗಿ ಕೆಮ್ಮಿದರೆ ಎದ್ದು ಕೂರುತ್ತಾಳೆ, ಕಾಲೇಜಿನಿಂದ ಬರುವುದು ತಡವಾದರೆ ಓಣಿಯ ತುದಿಗೆ ಹೋಗಿ ನಿಲ್ಲುತ್ತಾಳೆ. ಅಲ್ಲಿ ಯಮನಪ್ಪ ದಾರಿ ಕಾಯುತ್ತಿದ್ದಾನೆ, ಹೋಗು ಎಂದರೆ ಹೋಗುವುದಿಲ್ಲ.

ಹೊಸ ಪ್ರಮಾಣಪತ್ರ ಇದರೊಂದಿಗೆ ಇದೆ. ಮಗು ಸೃಷ್ಟಿ, ತಂದೆ ರಾಜಶೇಖರ, ತಾಯಿ ಆರತಿ. ಶಾಬುದ್ದೀನ ತಾನೇ ಬರೆದು, ಶಾಯಿ ಒಣಗುವವರೆಗೆ ಗಾಳಿ ಹಾಕಿ ಕೊಟ್ಟ. ಇನ್ನು ನಿನ್ನ ವಕೀಲರು ಅರ್ಜಿ ಹಾಕಲಿ. ಪೌರತ್ವ ಆದ ಮೇಲೆ ಅವಳು ಇರಲು ಅಲ್ಲೇ ಬೇರೆ ಊರಿನಲ್ಲಿ ಹಾಸ್ಟೆಲ್ ನೋಡಿದ್ದೇನೆ ಎಂದು ಬರೆದಿದ್ದೀ. ನಿನ್ನ ಮನೆಯಲ್ಲಿ ಒಂದು ಕೋಣೆ ಖಾಲಿ ಬಿದ್ದಿದೆ ಎಂದೂ ಹಿಂದೆ ನೀನೇ ಬರೆದಿದ್ದೆ. ನಾನು ಎರಡೂ ಪತ್ರಗಳನ್ನು ಓದಿದ್ದೇನೆ ಎಂದಷ್ಟೇ ಹೇಳುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಚಳಿಯಲ್ಲಿ ಕಿವಿ ಮುಚ್ಚಿಕೋ. ಸಿದ್ಧಾರೂಢರು ನಿನ್ನನ್ನು ಕಾಯಲಿ.

ದಣಿದಿರುವ, ಆದರೂ ನಿನ್ನ,
ಅಪ್ಪ
ಸಿದ್ದಲಿಂಗಪ್ಪ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದನ್ನೂ ಬರೆದುಬಿಡುತ್ತೇನೆ. ಶಿರಗುಪ್ಪಿಯಲ್ಲಿ ಸೃಷ್ಟಿ ಏನು ಹೇಳಿ ಹೊಳೆವ್ವನನ್ನು ಒಪ್ಪಿಸಿದಳೆಂದು ಮೇಲೆ ಬರೆಯಲು ಧೈರ್ಯವಾಗಲಿಲ್ಲ. ‘ಅವ್ವ ಬಂದು ನಿನ್ನ ಉಡ್ಯಾಗಿಂದ ನನ್ನ ಎತ್ಕೊಳ್ಳೂತನಾ ನಾ ವಿಮಾನ ಹತ್ತೂದಿಲ್ಲ’ ಎಂದು ಅವಳ ಕೈ ಮೇಲೆ ಕೈ ಇಟ್ಟು ಭಾಷೆ ಕೊಟ್ಟಿದ್ದಾಳೆ. ನಿನ್ನ ಹೆಸರಿನಲ್ಲಿ ಕೊಟ್ಟ ಭಾಷೆ. ಆರತಿ, ಎರಡು ಕೂಸು ಹೋದವು, ಆಮೇಲೆ ರಾಜಶೇಖರ ಹೋದ, ಮಗಳನ್ನು ನಮ್ಮಲ್ಲಿ ಬಿಟ್ಟು ನೀನು ದೇಶವನ್ನೇ ಬಿಟ್ಟೆ, ನಿನ್ನ ಕೈ ತಾಗಿದ್ದು ಉಳಿಯುವುದಿಲ್ಲ ಎಂದು ನೀನು ನಂಬಿಕೊಂಡು ಕುಳಿತಿರುವುದು ನನಗೆ ಮೊದಲಿನಿಂದ ಗೊತ್ತು. ನಿನ್ನವ್ವ ಹೋದಾಗ ಬಂದಿದ್ದೆಯಲ್ಲ, ಅಲ್ಲಿಂದ ತಂದ ಗೊಂಬೆಯನ್ನು ಮಗಳ ಕೈಗೆ ಕೊಡದೆ ಹೊಳೆವ್ವನ ಕೈಯಲ್ಲಿ ಕೊಡಿಸಿದೆ. ನಾನು ನೋಡಿದ್ದೆ. ಹುಡುಗಿಯೂ ನೋಡಿದ್ದಳು, ಅದಕ್ಕೆ ಅರ್ಥವನ್ನೂ ಹಚ್ಚಿಕೊಂಡಿದ್ದಳು ಎಂದು ನನಗೆ ಈಗ ತಿಳಿಯಿತು. ಹಾಸ್ಟೆಲ್ ಬೇಡ. ನೀನು ಬಾ. ಜೋಳ ಆರಿಸಿ ಇಟ್ಟಿದ್ದೇನೆ, ಮೊರ ಅದೇ ಹಳೆಯದು ಇದೆ, ಇಳಕಲ್ ಸೀರೆ ಪೆಟ್ಟಿಗೆಯಲ್ಲಿದೆ. ಬೇಕಾದದ್ದು ನೀನೊಬ್ಬಳೇ. ಇದನ್ನು ಬರೆಯುವಾಗ ಸೃಷ್ಟಿ ನನ್ನ ಹೆಗಲ ಮೇಲಿಂದ ಬಗ್ಗಿ ಓದುತ್ತಿದ್ದಾಳೆ, ಜಡೆಯ ತುದಿ ಬಾಯಲ್ಲೇ ಇದೆ. ‘ಇದನ್ನೂ ಬರೀರಿ ಅಜ್ಜಾ, ನಾ ಏನೂ ಸಾಯೂದಿಲ್ಲ ಅಂತ ಅವ್ವಗ ಬರೀರಿ’ ಅಂದಳು. ಬರೆದಿದ್ದೇನೆ.