ಹೊಲಿಗೆ ಹಾಕಿದ ಬಾಯಿಂದಲೇ ಹಾಜರಿ ಕೇಳಿದವರಿಗೆ

ಮಾನ್ಯ ರಜೆ ಮಂಜೂರಾತಿ ಅಧಿಕಾರಿಗಳೇ,

ದವಡೆಯ ಶಸ್ತ್ರಚಿಕಿತ್ಸೆಯಾಗಿ ಮನೆಯಲ್ಲಿ ಮಲಗಿದ್ದವಳನ್ನು ಐದನೇ ದಿನಕ್ಕೇ ಎಬ್ಬಿಸಿ ಮೈಕಿನ ಮುಂದೆ ಕೂರಿಸಿದಿರಿ. ಅದರಿಂದ ನನ್ನ ಮಾತು ಕೆಟ್ಟಿತು. ಈಗ ‘ನಿಮ್ಮ ಉಚ್ಚಾರಣೆ ಸ್ಪಷ್ಟವಾಗಿಲ್ಲ, ನಿಮ್ಮನ್ನು ಹುದ್ದೆಯಿಂದ ಏಕೆ ತೆಗೆಯಬಾರದು?’ ಎಂದು ನೀವೇ ನೋಟಿಸು ಕಳಿಸಿದ್ದೀರಿ. ಉತ್ತರವನ್ನು ಖುದ್ದಾಗಿ ಹಾಜರಾಗಿ, ಮೌಖಿಕವಾಗಿ ಕೊಡಬೇಕಂತೆ. ಬಾಯಿ ತೆರೆದರೆ ಕೀವು ಬರುತ್ತಿದೆ, ಸ್ವಾಮಿ. ಆದ್ದರಿಂದ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಬಸ್ ನಿಲ್ದಾಣದ ಪ್ರಕಟಣೆಗಾರ್ತಿ. ಯಾವ ಬಸ್ಸು ಯಾವ ಪ್ಲಾಟ್‌ಫಾರಂನಿಂದ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಹತ್ತೊಂಬತ್ತು ವರ್ಷಗಳಿಂದ ಹೇಳುತ್ತಿದ್ದೇನೆ. ನನ್ನ ಕೋಣೆ ಮಹಡಿಯ ಮೇಲಿದೆ. ಅಲ್ಲಿಗೆ ಹತ್ತುವ ಕಬ್ಬಿಣದ ಮೆಟ್ಟಿಲಿನ ತಗಡು ಎದ್ದಿದೆ ಎಂದು ಮೂರು ಸಲ ಬರೆದುಕೊಟ್ಟಿದ್ದೆ. ನಾಲ್ಕನೇ ಸಲ ಬರೆಯುವ ಮುಂಚೆ ಅದೇ ತಗಡಿಗೆ ಕಾಲು ಸಿಕ್ಕಿ ಮುಖ ಅಡಿಯಾಗಿ ಬಿದ್ದೆ. ಮೇಲಿನ ಮೂರು ಮುಂದಿನ ಹಲ್ಲು ಅಲ್ಲೇ ಉದುರಿದವು. ಕೆಲವು ತಿಂಗಳು ತೆಗೆದು ಹಾಕುವ ಹಲ್ಲು ಕಟ್ಟಿಕೊಂಡು ದುಡಿದೆ. ಮಾತಾಡುವಾಗ ಅದು ಜಾರುತ್ತಿತ್ತು, ಟಕ್ ಎನ್ನುವ ಸದ್ದನ್ನು ಮೈಕು ಇಡೀ ನಿಲ್ದಾಣಕ್ಕೆ ಕೇಳಿಸುತ್ತಿತ್ತು. ಚಾಲಕರು ನನಗೆ ‘ಟಕ್ಕಮ್ಮ’ ಎಂದು ಹೆಸರಿಟ್ಟರು. ನಾನೂ ನಕ್ಕೆ, ಬಾಯಿ ಮುಚ್ಚಿಕೊಂಡು.

ಕೊನೆಗೆ ದವಡೆಯ ಮೂಳೆ ಕೊರೆಸಿ, ಹೊಸ ಹಲ್ಲು ನಿಲ್ಲಿಸಲು ಮೂರು ಸ್ಕ್ರೂ ಕೂರಿಸಿಕೊಂಡು, ಒಸಡಿಗೆ ಹೊಲಿಗೆ ಹಾಕಿಸಿಕೊಂಡೆ. ದಂತವೈದ್ಯೆ ಬೆರಳೆತ್ತಿ ಎಚ್ಚರಿಸಿದರು: “ಹತ್ತು ದಿನ ಮಾತೇ ಬೇಡ. ಸ್ಟ್ರಾ ಹಾಕಿ ಏನೂ ಹೀರಬೇಡಿ, ಜೋರಾಗಿ ಉಗುಳಲೂಬೇಡಿ. ಮೂಳೆ ಆ ಸ್ಕ್ರೂನ ಗಟ್ಟಿಯಾಗಿ ಹಿಡ್ಕೋಬೇಕು. ಅಲ್ಲಾಡಿದ್ರೆ ನನ್ನ ಕೈಲೂ ಏನೂ ಆಗಲ್ಲ.” ಅವರ ಪ್ರಮಾಣಪತ್ರವನ್ನು ನಿಮಗೆ ಸಲ್ಲಿಸಿದೆ. ನೀವು ರಜೆ ಕೊಟ್ಟಿರಿ. ಜೊತೆಗೊಂದು ಷರತ್ತನ್ನೂ ಕೊಟ್ಟಿರಿ: ದಿನಾ ಬೆಳಿಗ್ಗೆ ಹತ್ತಕ್ಕೆ ಕಚೇರಿಯಿಂದ ಫೋನ್ ಬರುತ್ತದೆ, ಮನೆಯಲ್ಲಿದ್ದೇನೆಂದು ನೌಕರರು ಸ್ವತಃ ನುಡಿದು ಖಚಿತಪಡಿಸಬೇಕು. ಮಾತಾಡಬಾರದೆಂದು ರಜೆ ಕೇಳಿದವಳಿಗೆ ಮಾತಾಡಿದರೆ ಮಾತ್ರ ರಜೆ! ಈ ನಿಯಮ ಬರೆದವರ ಬುದ್ಧಿಗೆ ಕೈ ಮುಗಿಯಬೇಕು.

ಮೊದಲ ದಿನ ನನ್ನ ಮುಖ ಕುಂಬಳಕಾಯಿಯಂತೆ ಊದಿತ್ತು. ಕೆನ್ನೆಗೆ ಮಂಜುಗಡ್ಡೆ ಒತ್ತಿಕೊಂಡೇ ಫೋನ್ ಎತ್ತಿ “ಹ್ಞೂಂ” ಎಂದೆ.

“ಹ್ಞೂಂ ಅಂದ್ರೆ ದಾಖಲೆಗೆ ಬರಲ್ಲ ಮೇಡಂ. ಹೆಸರು, ನೌಕರರ ಸಂಖ್ಯೆ ಹೇಳಿ,” ಎಂದರು ನಿಮ್ಮ ಗುಮಾಸ್ತರು.

ಮನೆಯಲ್ಲಿರುವುದು ನಾನು ಮತ್ತು ನನ್ನ ಅತ್ತೆ, ಇಬ್ಬರೇ. ಫೋನನ್ನು ಅವರ ಕೈಗಿಟ್ಟೆ. ಅವರಿಗೆ ಕಿವಿ ಮಂದ. “ಯಾರಪ್ಪಾ? ಗ್ಯಾಸಿನವರಾ? ಕೆಳಗೇ ಇಡಿ, ಬಾಗಿಲು ತೆಗೀತೀನಿ!” ಎಂದು ಕೂಗಿ ಇಟ್ಟೇಬಿಟ್ಟರು. ಎರಡನೇ ದಿನವೂ ಹೆಚ್ಚುಕಡಿಮೆ ಇದೇ ಆಯಿತು. ಸಂದೇಶ ಬರೆದು ಕಳಿಸಿದೆ, ಮುಖದ ಫೋಟೋ ಕಳಿಸಿದೆ. ನಾಲ್ಕನೇ ದಿನ ನಿಮ್ಮ ಆದೇಶ ಬಂತು: ‘ದೃಢೀಕರಣ ನೀಡಿಲ್ಲ, ಚಿಕಿತ್ಸೆಯು ಸೌಂದರ್ಯವರ್ಧನೆಗೆ ಸಂಬಂಧಿಸಿದ್ದು, ರಜೆ ರದ್ದುಪಡಿಸಿದೆ.’ ನನಗೆ ಐವತ್ತೊಂದು ವರ್ಷ. ದುಡಿಯುವುದು ಕಿಟಕಿಯೂ ಇಲ್ಲದ ಕೋಣೆಯಲ್ಲಿ. ಈ ಸೌಂದರ್ಯವನ್ನು ಯಾರಿಗೆ ತೋರಿಸಲಿ? ಫ್ಯಾನಿಗೋ?

ಕೆಲಸ ಹೋಗುತ್ತದೆಂಬ ಭಯಕ್ಕೆ ಐದನೇ ದಿನ ಹೋದೆ. ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು. ಪಕ್ಕಕ್ಕೆ ಸರಿಸಿ ಹೊರಟೆ. ಊದಿದ ತುಟಿ ಕೂಡುತ್ತಲೇ ಇರಲಿಲ್ಲ. ತುಟಿ ಕೂಡದೆ ‘ಮ’ ಹುಟ್ಟುವುದಿಲ್ಲ ಎಂಬುದು ನಿಮಗೆ ಗೊತ್ತಿರಲಾರದು. ನಾನು “ಮೂರು” ಎಂದದ್ದು “ಊರು” ಎಂದು ಹೊರಬಿದ್ದು, ಜನಕ್ಕೆ “ಆರು” ಎಂದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಒಬ್ಬ ತಾಯಿ, ಜ್ವರದ ಮಗುವನ್ನು ಹೆಗಲಿಗೆ ಹಾಕಿಕೊಂಡು, ಮೆಟ್ಟಿಲು ಹತ್ತಿ ಬಂದು ಬಾಗಿಲು ಬಡಿದಳು.

“ಆರು ಅಂದ್ರಲ್ಲ ಮೇಡಂ! ಆರರಲ್ಲೇ ನಿಂತಿದ್ದೆ. ಬಸ್ಸು ಮೂರರಿಂದ ಹೋಗೇಬಿಡ್ತು. ಡಾಕ್ಟ್ರು ಮಧ್ಯಾಹ್ನದವರೆಗೆ ಮಾತ್ರ ಇರ್ತಾರೆ...”

ಕ್ಷಮೆ ಕೇಳಲು ಬಾಯಿ ತೆರೆದೆ. ಹೊಲಿಗೆ ಕಿತ್ತು ರಕ್ತ ಗಲ್ಲಕ್ಕಿಳಿಯಿತು. ಬೈಯಲು ಬಂದವಳು ಮಗುವಿನ ಟವೆಲನ್ನೇ ನನ್ನ ಬಾಯಿಗೆ ಒತ್ತಿ, “ಅಯ್ಯೋ, ನಿಮ್ಮನ್ಯಾಕೆ ಇಲ್ಲಿ ಕೂರಿಸಿದ್ದಾರೆ?” ಎಂದಳು. ಆ ಪ್ರಶ್ನೆಯನ್ನು ನಿಮಗೆ ದಾಟಿಸುತ್ತಿದ್ದೇನೆ. ನಿಮ್ಮ ನೋಟಿಸಿಗೆ ಕಾರಣವಾದ ದೂರು ಕೊಟ್ಟವಳು ಅವಳಲ್ಲ. ಕೊಟ್ಟವರು ಯಾರೇ ಆಗಲಿ, ಅವರದೂ ತಪ್ಪಿಲ್ಲ. ಅವರು ಕೇಳಿಸಿಕೊಂಡದ್ದು ನಿಜ.

ಮತ್ತೆ ಮೂರು ದಿನ ದುಡಿದೆ. ನಾಲ್ಕನೆಯ ದಿನ ಆರಿದ ಹಾಲನ್ನು ಚಮಚದಲ್ಲಿ ಕುಡಿಯುತ್ತಿದ್ದಾಗ ನಡುವಿನ ಸ್ಕ್ರೂ ಕಳಚಿ ನಾಲಿಗೆಯ ಮೇಲೆ ಬಿತ್ತು. ಅದನ್ನು ಅಂಗೈಲಿಟ್ಟುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಅತ್ತೆಯವರು ಪಕ್ಕ ಕುಳಿತು ನನ್ನ ತಲೆ ನೇವರಿಸಿದರು. “ಯಾರ ಮಾತು ಕೇಳ್ಸದಿದ್ರೂ ನಿಂದೊಂದು ಬಿಡಿಬಿಡಿಯಾಗಿ ಕೇಳ್ಸೋದು ಕಣೇ. ಈಗ ಅದೂ ಕೇಳ್ಸಲ್ಲ. ನಾನು ಯಾರ ಹತ್ರ ಮಾತಾಡ್ಲಿ?” ಎಂದರು. ನಿಮ್ಮ ಕಡತದಲ್ಲಿ ಈ ನಷ್ಟಕ್ಕೆ ಕಲಂ ಇದೆಯೇ?

ಕೀವು ಪಕ್ಕದ ಸ್ಕ್ರೂಗೂ ಹಬ್ಬುತ್ತಿದೆ. ಬರುವ ಗುರುವಾರ ಮತ್ತೆ ಕೊಯ್ದು ಸ್ವಚ್ಛ ಮಾಡಬೇಕು. ಆಮೇಲೆ ಹದಿನಾಲ್ಕು ದಿನ ಪೂರ್ತಿ ಮೌನ. ಈ ಸಲ ಮೂಳೆ ಹಾಳಾದರೆ ಹೊಸ ಸ್ಕ್ರೂ ಕೂರಿಸಲು ಜಾಗವೇ ಉಳಿಯುವುದಿಲ್ಲ ಎಂದಿದ್ದಾರೆ ದಂತವೈದ್ಯೆ. ಹೊಸ ಅರ್ಜಿ ಹನ್ನೊಂದು ದಿನದಿಂದ ನಿಮ್ಮ ಮೇಜಿನ ಮೇಲಿದೆ. ವಿಚಾರಿಸಲು ಬಂದರೆ ‘ಸಾಹೇಬರು ಮೀಟಿಂಗಿನಲ್ಲಿದ್ದಾರೆ’. ನನಗೆ ಬೇರೆ ಕೆಲಸ ಬರುವುದಿಲ್ಲ. ನನ್ನ ಹತ್ತಿರ ಇದ್ದದ್ದು ಈ ದನಿಯೊಂದೇ.

ಹದಿನಾಲ್ಕು ದಿನ ರಜೆ ಕೊಡಿ. ಫೋನ್ ಮಾಡಬೇಡಿ, ಅನುಮಾನವಿದ್ದರೆ ಮನೆಗೇ ಬಂದು ನೋಡಿ. ನೋಟಿಸಿಗೆ ಈ ಪತ್ರವನ್ನೇ ಉತ್ತರವೆಂದು ಸ್ವೀಕರಿಸಿ. ನೀವು ಸಹಿ ಹಾಕಿದರೂ ಸರಿ, ಹಾಕದಿದ್ದರೂ ಸರಿ, ಗುರುವಾರ ನಾನು ದಂತವೈದ್ಯೆಯ ಕುರ್ಚಿಯಲ್ಲಿ ಒರಗಿ ಬಾಯಿ ತೆರೆಯುತ್ತೇನೆ. ಎದ್ದ ಮೇಲೆ ನನಗೆ ಕೆಲಸ ಇರುತ್ತದೋ ಇಲ್ಲವೋ, ಅದಷ್ಟನ್ನು ದಯವಿಟ್ಟು ಬುಧವಾರದೊಳಗೆ ತಿಳಿಸಿ. ಹೆದರಿಕೊಂಡು ಮಲಗಿದರೆ ಗಾಯ ಮಾಯುವುದಿಲ್ಲ.

ಇಂತಿ,
ಬೇಡಿಕೊಳ್ಳಲೂ ಬಾಯಿಲ್ಲದ,
ನಿಮ್ಮ ನಿಲ್ದಾಣದ ಪ್ರಕಟಣೆಗಾರ್ತಿ
(ನೋಟಿಸಿನ ಪ್ರಕಾರ, ಸದ್ಯಕ್ಕೆ)