ದಿನಾ ಹುಣ್ಣಿಮೆಯ ಹೊಲ

ತುಕ್ಕಾನಟ್ಟಿ
೨೩ ನವೆಂಬರ್ ೨೦೨೫, ರವಿವಾರ

ನನ್ನ ತಂಗಿ ಸುಂದ್ರವ್ವನ ಮಗಳು, ಬೆಲ್ಲದ ಬಾಗೇವಾಡಿಯ ನಂಬರ್ ಒನ್ ಟೇಲರ್ ಅರ್ಚನಾಳಿಗೆ, ಅವಳ ಒಬ್ಬನೇ ಒಬ್ಬ ಸೋದರಮಾವ ಮಾಯಪ್ಪನ ತುಂಬು ಪ್ರೀತಿ.

ಫೋನ್ ಇರುವಾಗ ಮಾಮಾ ಕಾಗದ ಯಾಕೆ ಬರೆದ ಎಂದು ನಗಬೇಡ. ಫೋನಿನಲ್ಲಿ ನಾನು ಬಾಯಿ ತೆರೆಯುವಷ್ಟರಲ್ಲಿ ನೀನು "ಮಾಮಾ, ಗಿರಾಕಿ ಬಂದಾರ, ಆಮ್ಯಾಲ ಮಾತಾಡ್ತೇನಿ" ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಅದೂ ನನ್ನ ಅಕ್ಷರ! ಏಳನೆಯ ಇಯತ್ತೆಯಲ್ಲಿ ಮಾಸ್ತರರು ನನ್ನ ವಹಿಯನ್ನು ಇಡೀ ಸಾಲೆಗೆ ಎತ್ತಿ ತೋರಿಸಿದ್ದರು. ಅಕ್ಷರ ಹೇಗಿರಬಾರದು ಎಂದು ತೋರಿಸಿದ್ದು ಎಂದು ನಿನ್ನ ಅತ್ತೆ ಕಾಶೆವ್ವ ಹೇಳುತ್ತಾಳೆ. ಅವಳ ಮಾತು ಬಿಡು.

ವಿಷಯಕ್ಕೆ ಬರುತ್ತೇನೆ. ಹಳ್ಳದ ದಂಡೆಯಲ್ಲಿರುವ ನಿನ್ನ ತಾಯಿಯ ಪಾಲಿನ ಹೊಲವನ್ನು ಟ್ರ್ಯಾಕ್ಟರ್ ಗುರುಪಾದನಿಗೆ ಕೊಡುತ್ತಿದ್ದೀ, ಶುಕ್ರವಾರ ಖರೀದಿ ಪತ್ರ ಆಗುತ್ತದೆ ಎಂದು ಕೇಳಿದೆ. ಅವನು ಅದರ ಮೇಲೆ ಗರಸು ಮಣ್ಣು ಸುರಿದು, ಗಟ್ಟಿ ಮಾಡಿ, ಕಬ್ಬಿನ ಟ್ರೇಲರ್ ನಿಲ್ಲಿಸುತ್ತಾನಂತೆ. ಹೊಲ ನಿನ್ನದು, ಬೇಡ ಎನ್ನಲು ನಾನು ಯಾರು? ಆದರೆ ಶುಕ್ರವಾರದೊಳಗೆ ಒಮ್ಮೆ ಬಂದು ನೋಡು. ನೋಡದೆ ಸಹಿ ಮಾಡಿದೆಯಾದರೆ ನಿನ್ನ ತಾಯಿಗೆ ನಾನು ಏನು ಉತ್ತರ ಕೊಡಲಿ?

ನೀನು ಆ ಹೊಲವನ್ನು ಕೊನೆಗೆ ನೋಡಿದ್ದು ಅವಳು ತೀರಿಕೊಂಡ ವರ್ಷ. ಆಗ ಅದು ಹೇಗಿತ್ತು, ನೆನಪಿದೆಯಲ್ಲ? ಬರೀ ಸವಳು. ಕಾಲುವೆಗೆ ನೀರು ಬಂದ ಹುಮ್ಮಸ್ಸಿನಲ್ಲಿ ನಮ್ಮ ಹಿರಿಯರು ಕಬ್ಬಿಗೆ ಹಗಲೂ ರಾತ್ರಿ ನೀರು ಬಿಟ್ಟರು. ನೆಲದಾಳದ ಉಪ್ಪು ಆ ನೀರಿನ ಬೆನ್ನು ಹತ್ತಿ ಮೇಲೆ ಬಂದು ಕೂತಿತು. ಬೇಸಿಗೆಯಲ್ಲಿ ಹಿಟ್ಟು ಚೆಲ್ಲಿದ ಹಾಗೆ ಬೆಳ್ಳಗೆ, ಮಳೆಗಾಲದಲ್ಲಿ ಮೊಣಕಾಲವರೆಗೆ ರಾಡಿ. ಊರಿಗೆಲ್ಲ ಬೆಳೆ ವಿಮೆ ಬಂದರೂ ಒಂದಕ್ಕೊಂದು ಹತ್ತಿದ ನಮ್ಮಿಬ್ಬರ ಹೊಲಕ್ಕೆ ಬರಲಿಲ್ಲ. ಬೆಳೆಯೇ ಇಲ್ಲದಲ್ಲಿ ವಿಮೆ ಯಾತರದ್ದು? ನಿನ್ನ ತಾಯಿ ಮಾತ್ರ ಸಣ್ಣವಳಿದ್ದಾಗ ಬದುವಿನ ಮೇಲೆ ನಿಂತು, "ಅಣ್ಣಾ, ನಮ್ಮ ಹೊಲದಾಗ ದಿನಾ ಹುಣ್ಣಿಮಿ ನೋಡೋ" ಅನ್ನುತ್ತಿದ್ದಳು. ಜೋಳದ ರೊಟ್ಟಿಯ ಜೊತೆ ಹಸಿ ಮೆಂತೆ ಎಂದರೆ ಅವಳಿಗೆ ಜೀವ. ಒಂದು ದಿನ ಇದೇ ನೆಲದಲ್ಲಿ ಮೆಂತೆ ಬೆಳೆದು ನಿನ್ನ ಬುತ್ತಿಗೆ ಕಟ್ಟುತ್ತೇನೆ ಎಂದು ನಾನು ಕೊಚ್ಚಿಕೊಳ್ಳುತ್ತಿದ್ದೆ. ಅವಳು ಬಿದ್ದು ಬಿದ್ದು ನಗುತ್ತಿದ್ದಳು.

ಇರಲಿ. ಸವಳು ಹೊಲದ ಅಡಿಗೆ ತೂತಿನ ಪೈಪು ಹೂಳಿ ಉಪ್ಪುನೀರನ್ನು ಹಳ್ಳಕ್ಕೆ ಬಸಿದುಬಿಡುವ ಸರ್ಕಾರದ ಯೋಜನೆ ನಮ್ಮೂರಿಗೂ ಬಂತು. ಹೆಚ್ಚಿನ ಖರ್ಚು ಸರ್ಕಾರದ್ದು, ಸ್ವಲ್ಪ ನಮ್ಮದು. ಆದರೆ ನಡುವಿನ ಒಬ್ಬ ಒಲ್ಲೆ ಎಂದರೂ ಮೇಲಿನವರ ನೀರಿಗೆ ದಾರಿಯಿಲ್ಲ. ಹಾಗಾಗಿ ಎಲ್ಲರೂ ಸೇರಿ ಸಂಘ ಕಟ್ಟಿಕೊಂಡು ಸಹಿ ಹಾಕಬೇಕು. ಇದೆಲ್ಲ ಆದದ್ದೇ ನನ್ನಿಂದ ಎಂದು ತಿಳಿ. ನಾನು ಕಟ್ಟೆಯ ಮೇಲೆ ಕೂತು ತಲೆ ಓಡಿಸಿದೆ. ನಿನ್ನ ಅತ್ತೆ ಸುಮ್ಮನೆ ಮನೆ ಮನೆ ತಿರುಗಿ ಸಹಿ ತಂದಳು, ಅಷ್ಟೇ. ಬಸ್ಸು ಹತ್ತಿ ನಿನ್ನ ಅಂಗಡಿಗೂ ಬಂದಿದ್ದಳಲ್ಲ? ನೀನು ಮಷೀನಿನಿಂದ ತಲೆ ಎತ್ತದೆ, "ಆ ಉಪ್ಪಿನಾಗ ಏನ್ ಹುಗೀತೀರೋ ಹುಗೀರಿ ಅತ್ತಿ" ಎಂದು ಸಹಿ ಗೀಚಿದೆಯಂತೆ.

ಹೋದ ವರ್ಷದ ಬೇಸಿಗೆಯಲ್ಲಿ ಯಂತ್ರ ಬಂತು. ನೀರು ಹೊರಗೆ ಹೋಗುವ ಬಾಯಿ ಹಳ್ಳದಲ್ಲಿ, ಆದ್ದರಿಂದ ಕೆಲಸ ಅಲ್ಲಿಂದಲೇ ಶುರು. ನಿನ್ನ ಹೊಲದ ಅಡಿಯಲ್ಲಿ ಪೈಪು ಹೂಳುತ್ತ ಮೇಲಿನ ನನ್ನ ಹೊಲದ ಬದುವಿನವರೆಗೆ ಬಂದು ನಿಂತಿತು. ಯಾಕೆ ನಿಂತಿತು ಎಂಬುದು ದೊಡ್ಡ ಕಥೆ, ಈ ಕಾಗದದಲ್ಲಿ ಅದಕ್ಕೆ ಜಾಗವಿಲ್ಲ.

ಗೋಕಾಕದಿಂದ ದೀಪಾ ಮೇಡಂ ಎಂಬ ಇಂಜಿನಿಯರ್ ಬರುತ್ತಿದ್ದರು. ನಿನಗಿಂತ ಸಣ್ಣವರು. ಮೊದಲ ದೊಡ್ಡ ಮಳೆಯ ಮರುದಿನ ನಮ್ಮನ್ನೆಲ್ಲ ಹಳ್ಳಕ್ಕೆ ಕರೆದರು. ಪೈಪಿನ ಬಾಯಿಯಿಂದ ಹೆಬ್ಬೆರಳು ಗಾತ್ರದ ನೀರು, ಕನ್ನಡಿಯಷ್ಟು ತಿಳಿ. "ಕಾಕಾ, ಸ್ವಲ್ಪ ಬಾಯಾಗ ಹಾಕ್ಕೊಂಡ ನೋಡ್ರಿ" ಎಂದರು. ನಾನು ಹಿಂಜರಿಯುವವನೇ? ಬೊಗಸೆ ತುಂಬ ಕುಡಿದೆ. ಉಪ್ಪಿನಕಾಯಿಯ ಭರಣಿ ತೊಳೆದ ನೀರು! ಮೇಡಂ ನಕ್ಕು, "ನಿಮ್ಮ ಅಜ್ಜನ ಕಾಲದಿಂದ ಕುಂತಿದ್ದು ಇವತ್ತ ಎದ್ದು ಹೊಂಟೈತ್ರಿ ಕಾಕಾ" ಎಂದರು.

ಅರ್ಚನಾ, ನನಗೆ ಮಾತು ನಿಂತಿತು. ನನಗೆ! ಮೋಟರಿಲ್ಲ, ಕರೆಂಟಿಲ್ಲ, ದಬ್ಬುವವರಿಲ್ಲ. ಮಳೆ ಮೇಲಿನಿಂದ ಇಳಿಯುತ್ತದೆ, ಉಪ್ಪಿನ ಕೈ ಹಿಡಿದುಕೊಂಡು ಕೆಳಗಿನಿಂದ ಹೊರಟುಹೋಗುತ್ತದೆ. ಗೋಕಾಕದ ಜಲಪಾತದ ಮುಂದೆ ನಿಂತಾಗಲೂ ನನಗೆ ಹೀಗಾಗಿರಲಿಲ್ಲ. ಅಲ್ಲಿ ನೀರು ಆರ್ಭಟ ಮಾಡಿ ತನ್ನನ್ನು ತೋರಿಸಿಕೊಳ್ಳುತ್ತದೆ, ನನ್ನ ಹಾಗೆ. ಇಲ್ಲಿ ಅದು ಸದ್ದಿಲ್ಲದೆ ನಮ್ಮ ಹಿರಿಯರ ತಪ್ಪನ್ನು ಹೊತ್ತುಕೊಂಡು ಹೋಗುತ್ತಿತ್ತು. ಹೊಲದ ನಡುವೆ ಸಿಮೆಂಟಿನ ಬಳೆ ಇಳಿಸಿದ ಗುಂಡಿಯಿದೆ. ಮುಚ್ಚಳ ಸರಿಸಿ ಕಿವಿ ಇಟ್ಟರೆ ಒಳಗೆ ಯಾರೋ ಮೆಲ್ಲಗೆ ಮಾತಾಡಿಕೊಳ್ಳುವ ಹಾಗೆ ಸಪ್ಪಳ. ನಾನು ಎಷ್ಟೋ ಸಲ ಅಲ್ಲೇ ಮಲಗಿ ಕೇಳಿದ್ದೇನೆ. ನೆಲಕ್ಕೂ ಹಗುರಾಗುವ ಸುಖ ಇರುತ್ತದೆಯೇ?

ಬಂದವರಿಗೆಲ್ಲ ಆ ನೀರು ಕುಡಿಸುವುದು ನನ್ನ ಕೆಲಸವಾಯಿತು. ದಡ್ಡಿ ಊರಿನ ಬೀಗರಿಗೆ ಎಳನೀರು ಎಂದು ಹೇಳಿ ತಂಬಿಗೆ ತುಂಬ ಕೊಟ್ಟೆ. ಅವರು ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ.

ಎರಡನೆಯ ಮಳೆಗಾಲ ಬಂತು. ಈ ಸಲ ಗಣೇಶ ಚವತಿಯ ಹೊತ್ತಿಗೆ ಕುಡಿದು ನೋಡಿದೆ: ಹೆಚ್ಚುಕಡಿಮೆ ಸಪ್ಪೆ. ದೀಪಾವಳಿ ಮುಗಿದ ಮೇಲೆ ನಿನ್ನ ಅತ್ತೆ ಒಂದು ಹಿಡಿ ಮೆಂತೆ ಬೀಜ ಎರಚಿ ಬಂದಳು. ಹಕ್ಕಿಗೆ ಹಾಕಿದಂತಾಯಿತು ಎಂದು ನಾನು ನಕ್ಕೆ. ಒಂದು ವಾರ ಕಳೆದು ಬೆಳಗ್ಗೆ ಹೋಗಿ ನೋಡುತ್ತೇನೆ, ನನ್ನ ಹೊಲದಲ್ಲಿ ಮೆಂತೆ ಎದ್ದಿದೆ! ಕಪ್ಪು ನೆಲ, ಅದರ ಮೇಲೆ ಉಗುರಿನಷ್ಟು ಉಗುರಿನಷ್ಟು ಹಸಿರು. ಚಪ್ಪಲಿ ಕಳಚಿದೆ. ಆದರೂ ಕಾಲಿಡಲು ಮನಸ್ಸಾಗಲಿಲ್ಲ. ಊರವರು ಬಂದರು. ಎಕರೆಗಟ್ಟಲೆ ಕಬ್ಬು ಬೆಳೆಯುವ ಮಂದಿ ಒಂದು ಹಿಡಿ ಮೆಂತೆಯ ಮುಂದೆ ಟೋಪಿ ತೆಗೆದು ನಿಂತರು. ಬಾಯಲ್ಲಿದ್ದ ತಂಬಾಕನ್ನು ಅಲ್ಲಿ ಉಗುಳಲು ಯಾರೂ ಒಪ್ಪಲಿಲ್ಲ, ರಸ್ತೆಗೆ ಹೋಗಿ ಉಗುಳಿ ಬಂದರು.

ಅದಕ್ಕೇ ಹೇಳುತ್ತೇನೆ, ಅವಸರ ಮಾಡಬೇಡ. ನನ್ನ ಹೊಲ ಇವತ್ತು ಹೀಗಿದ್ದರೆ ನಿನ್ನದೂ ಒಂದಲ್ಲ ಒಂದು ದಿನ ಆದೀತು. ಗುರುಪಾದನ ಟ್ರೇಲರ್ ಭಾರಕ್ಕೆ ಕೆಳಗಿನ ಪೈಪು ಒಡೆದರೆ ಮೇಲಿನ ನಮ್ಮೆಲ್ಲರ ನೀರಿಗೆ ದಾರಿ ಮುಚ್ಚುತ್ತದೆ. ಇದರಲ್ಲಿ ನನ್ನ ಸ್ವಾರ್ಥವೂ ಇದೆ, ಇಲ್ಲ ಎನ್ನುವುದಿಲ್ಲ. ಹೊಸ ಹೊಲಿಗೆ ಯಂತ್ರಕ್ಕೆ ನಿನಗೆ ಹಣ ಬೇಕು ಎಂಬುದೂ ಗೊತ್ತು, ಕೂತು ಮಾತಾಡೋಣ. ಬಾ, ನೋಡು. ಆಮೇಲೂ ಮಾರಬೇಕು ಅನಿಸಿದರೆ ನಾನೇ ನಿನ್ನನ್ನು ಗಾಡಿಯಲ್ಲಿ ಕಚೇರಿಗೆ ಬಿಡುತ್ತೇನೆ.

ಗುರುವಾರ ಇಡೀ ದಿನ ಬಸ್ ಸ್ಟ್ಯಾಂಡಿನಲ್ಲಿ ನಿನ್ನ ದಾರಿ ನೋಡುವ,
ತುಕ್ಕಾನಟ್ಟಿಯಿಂದ ಉಪ್ಪನ್ನು ಓಡಿಸಿದ ನಿನ್ನ ಮಾಮಾ,
ಮಾಯಪ್ಪ

ತಾ.ಕ.: ಈ ಕಾಗದವನ್ನು ಬಸ್ ಕಂಡಕ್ಟರನ ಕೈಗೆ ಕೊಡಲು ನಿನ್ನ ಅತ್ತೆಯೇ ಹೋಗಬೇಕು. ಓದಿ ತೋರಿಸಿದೆ. ಅವಳು ಕೂತಲ್ಲಿಂದ ಏಳಲಿಲ್ಲ. ಹಾಳೆ ತಿರುವಿ, "ಹಿಂದ ಜಾಗಾ ಖಾಲಿ ಐತಲ್ರಿ. ಆ ದೊಡ್ಡ ಕಥಿ ಬರೀರಿ" ಎಂದಳು.

ಯಂತ್ರ ನಿಂತದ್ದು ಅದರ ಮುಂದೆ ನಾನು ಮಲಗಿದ್ದಕ್ಕೆ. ಸಂಘಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಮಾಡಲಿಲ್ಲ, ನಿನ್ನ ಅತ್ತೆಯನ್ನು ಮಾಡಿದರು. ಆ ಸಿಟ್ಟು. ಅವಳು ಬದುವಿನ ಮೇಲೆ ಬುತ್ತಿ ಬಿಚ್ಚಿ, "ಮಲಗ್ರಿ, ನಿದ್ದಿ ಆದ ಮ್ಯಾಲ ಎಬ್ಬಸ್ತೇನಿ" ಎಂದು ಊಟಕ್ಕೆ ಕೂತಳು. ಯಂತ್ರ ಬೇರೆ ಊರಿಗೆ ಹೋಯಿತು, ಮರಳಿ ಬಂದದ್ದು ಈ ಸಲದ ದಸರೆ ಕಳೆದ ಮೇಲೆ. ಹಾಗಾಗಿ ಎರಡು ಮಳೆಗಾಲ ತೊಳೆದದ್ದು ಒಂದೇ ಹೊಲವನ್ನು, ಅದು ನಿನ್ನದು. ನನ್ನದರಲ್ಲಿ ಇನ್ನೂ ಹುಣ್ಣಿಮೆಯೇ.

ಮೆಂತೆ ಎದ್ದದ್ದು ನಿನ್ನ ಹೊಲದಲ್ಲಿ, ನಿನ್ನ ತಾಯಿ ನಿಂತು ನಗುತ್ತಿದ್ದ ಬದುವಿನ ಬುಡದಲ್ಲಿ. ಕಾಗದದ ಮಡಿಕೆಯಲ್ಲಿ ಒಂದು ಸಸಿ ಇಟ್ಟಿದ್ದೇನೆ. ಬೇರಿನ ಮಣ್ಣು ಕೊಡವಿಲ್ಲ. ನಾಲಗೆಗೆ ಹಚ್ಚಿ ನೋಡು, ಈ ಸಲ ಎಳನೀರು ಎಂದು ಸುಳ್ಳು ಹೇಳುತ್ತಿಲ್ಲ. ಎಲೆ ಕಹಿ ಇದೆ. ಮಣ್ಣಿನಲ್ಲಿ ಉಪ್ಪಿಲ್ಲ.